ಒಂದೇ ಅಣುವಿನ ಗಾಡಿ



ಎತ್ತಿನ ಗಾಡಿ ನಮಗೆ ಗೊತ್ತು. ಬಸ್ಸು ಗೊತ್ತು. ಲಾರಿ ಗೊತ್ತು. ಈ ಪಾಠದಲ್ಲಿ ನಾವು ಬೇರೆ ಒಂದು ಗಾಡಿಯ ವಿಷಯ ಓದೋಣ.

ಈ ಗಾಡಿಗೂ ನಾಲ್ಕು ಚಕ್ರ ಇವೆ. ಅಚ್ಚು ಇದೆ. ಇದು ಓಡುವ ದಾರಿ ಬಂಗಾರದ್ದು. ಆದರೆ ಇದನ್ನು ಕಣ್ಣಿನಿಂದ ನೋಡಲು ಆಗದು. ಭೂತಗನ್ನಡಿ ಹಿಡಿದರೂ ಕಾಣದು. ಯಾಕೆಂದರೆ ಇಡೀ ಗಾಡಿ ಒಂದೇ ಒಂದು ಅಣು.

ಇದು ಕಟ್ಟುಕತೆ ಅಲ್ಲ. ಇಂಥ ಗಾಡಿಗಳನ್ನು ಮಾಡಿದ್ದಾರೆ. ಓಡಿಸಿದ್ದಾರೆ. ಪಂದ್ಯವನ್ನೂ ನಡೆಸಿದ್ದಾರೆ. ಹೇಗೆ? ಯಾಕೆ? ಇದರಿಂದ ನಮಗೇನು? ಒಂದೊಂದಾಗಿ ತಿಳಿಯೋಣ ಬನ್ನಿ.

ಅಣು ಅಂದರೆ ಏನು?

ಒಂದು ಲೋಟ ನೀರು ತೆಗೆದುಕೊಳ್ಳಿ. ಒಂದು ಚಿಟಿಕೆ ಸಕ್ಕರೆ ಹಾಕಿ. ಚೆನ್ನಾಗಿ ಕದಡಿ. ಈಗ ಸಕ್ಕರೆ ಕಾಣುತ್ತದೆಯೇ? ಇಲ್ಲ. ಹಾಗಾದರೆ ಎಲ್ಲಿ ಹೋಯಿತು? ಕುಡಿದು ನೋಡಿ. ನೀರು ಸಿಹಿಯಾಗಿದೆ. ಅಂದರೆ ಸಕ್ಕರೆ ಎಲ್ಲೂ ಹೋಗಿಲ್ಲ. ಕಣ್ಣಿಗೆ ಕಾಣದಷ್ಟು ಚಿಕ್ಕ ಚಿಕ್ಕ ಚೂರುಗಳಾಗಿ ನೀರಿನಲ್ಲಿ ಹರಡಿದೆ.

ಸಕ್ಕರೆಯ ಗುಣ ಉಳಿದಿರುವ ಅತಿ ಚಿಕ್ಕ ಚೂರಿಗೆ ಅಣು ಎಂದು ಹೆಸರು. ನೀರಿಗೂ ಅಣು ಇದೆ. ಎಣ್ಣೆಗೂ ಇದೆ.

ಅಣುವನ್ನೂ ಬಿಡಿಸಬಹುದು. ಆಗ ಸಿಗುವುದು ಪರಮಾಣು. ನೀರಿನ ಒಂದು ಅಣುವಿನಲ್ಲಿ ಮೂರು ಪರಮಾಣು ಇವೆ. ಎರಡು ಜಲಜನಕ, ಒಂದು ಆಮ್ಲಜನಕ. ಅಕ್ಷರಗಳು ಸೇರಿ ಪದ ಆಗುತ್ತದಲ್ಲ, ಹಾಗೆಯೇ ಪರಮಾಣುಗಳು ಸೇರಿ ಅಣು ಆಗುತ್ತದೆ. ಅಕ್ಷರ ಬದಲಾದರೆ ಪದ ಬದಲು. ಪರಮಾಣು ಬದಲಾದರೆ ಅಣು ಬದಲು.

ಎಷ್ಟು ಚಿಕ್ಕದು?

ಮಕ್ಕಳ ಅಳತೆಪಟ್ಟಿ ನೋಡಿ. ಅದರಲ್ಲಿ ಅತಿ ಚಿಕ್ಕ ಗೆರೆಗಳ ನಡುವಿನ ಜಾಗ ಒಂದು ಮಿಲಿಮೀಟರ್. ಅದನ್ನು ಹತ್ತು ಲಕ್ಷ ಪಾಲು ಮಾಡಿ. ಒಂದು ಪಾಲಿಗೆ ಒಂದು ನ್ಯಾನೋಮೀಟರ್ ಎನ್ನುತ್ತಾರೆ.

ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ನಾವು ಹೇಳುತ್ತಿರುವ ಗಾಡಿಯ ಅಳತೆ 3 ರಿಂದ 4 ನ್ಯಾನೋಮೀಟರ್ ಮಾತ್ರ. ಒಂದು ಕೂದಲಿನ ದಪ್ಪದಲ್ಲಿ ಇಂಥ ಸುಮಾರು 20,000 ಗಾಡಿಗಳನ್ನು ಸಾಲಾಗಿ ನಿಲ್ಲಿಸಬಹುದು!

ಕಾಣದ್ದನ್ನು ನೋಡುವುದು ಹೇಗೆ?

ರೊಟ್ಟಿ ಮಾಡುವಾಗ ಹಂಚು ಕಾದಿದೆಯೋ ಇಲ್ಲವೋ ಹೇಗೆ ನೋಡುತ್ತೀರಿ? ಹಂಚನ್ನು ಮುಟ್ಟುವುದಿಲ್ಲ. ಮೇಲೆ ಕೈ ಹಿಡಿಯುತ್ತೀರಿ. ಕೈ ಹತ್ತಿರ ಹೋದರೆ ಕಾವು ಹೆಚ್ಚು. ದೂರ ಹೋದರೆ ಕಾವು ಕಡಿಮೆ. ಮುಟ್ಟದೆಯೇ ತಿಳಿಯುತ್ತದೆ.

ಅಣುಗಳನ್ನು ನೋಡುವ ಯಂತ್ರದ ಕೆಲಸವೂ ಹೆಚ್ಚುಕಡಿಮೆ ಹೀಗೆಯೇ. ಅದರಲ್ಲಿ ಒಂದು ಲೋಹದ ಸೂಜಿ ಇದೆ. ಸೂಜಿಯ ತುದಿ ಎಷ್ಟು ಚೂಪು ಅಂದರೆ, ತುತ್ತತುದಿಯಲ್ಲಿ ಒಂದೇ ಪರಮಾಣು ಇರುತ್ತದೆ. ಈ ಸೂಜಿಯನ್ನು ಲೋಹದ ಹತ್ತಿರ ತರುತ್ತಾರೆ. ಮುಟ್ಟಿಸುವುದಿಲ್ಲ. ನಡುವೆ ಒಂದು ನ್ಯಾನೋಮೀಟರಿಗಿಂತ ಕಡಿಮೆ ಜಾಗ ಇರುತ್ತದೆ. ಆಗ ಆ ಸಂದಿಯನ್ನು ದಾಟಿ ಸ್ವಲ್ಪ ವಿದ್ಯುತ್ತು ಹರಿಯುತ್ತದೆ. ಸೂಜಿ ಹತ್ತಿರ ಹೋದರೆ ವಿದ್ಯುತ್ತು ಹೆಚ್ಚುತ್ತದೆ. ದೂರ ಸರಿದರೆ ಕಡಿಮೆ ಆಗುತ್ತದೆ. ಒಂದು ನ್ಯಾನೋಮೀಟರಿನ ಹತ್ತನೇ ಒಂದು ಪಾಲು ದೂರ ಸರಿದರೂ ಸಾಕು, ವಿದ್ಯುತ್ತು ಸುಮಾರು ಹತ್ತು ಪಟ್ಟು ಇಳಿಯುತ್ತದೆ.

ಸೂಜಿಯನ್ನು ಸಾಲು ಸಾಲಾಗಿ ಓಡಾಡಿಸುತ್ತಾರೆ. ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಯಂತ್ರ ಗುರುತು ಮಾಡಿಕೊಳ್ಳುತ್ತದೆ. ಕಂಪ್ಯೂಟರ್ ಅದನ್ನು ಚಿತ್ರ ಮಾಡಿ ತೋರಿಸುತ್ತದೆ.

ಈ ಯಂತ್ರವನ್ನು 1981 ರಲ್ಲಿ ಸ್ವಿಟ್ಜರ್ಲೆಂಡ್ ದೇಶದ ಜ್ಯೂರಿಕ್ ಬಳಿ ಮಾಡಿದರು. ಮಾಡಿದವರು ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್. 1986 ರಲ್ಲಿ ಇವರಿಗೆ ನೊಬೆಲ್ ಬಹುಮಾನ ಬಂತು.

ಈ ಸೂಜಿ ನೋಡಲು ಮಾತ್ರ ಅಲ್ಲ, ಸರಿಸಲೂ ಬರುತ್ತದೆ. 1989 ರಲ್ಲಿ ಅಮೆರಿಕದ ಡಾನ್ ಐಗ್ಲರ್ ಎಂಬುವರು ಇದನ್ನು ಮಾಡಿ ತೋರಿಸಿದರು. ನಿಕಲ್ ಲೋಹದ ಮೇಲೆ ಝೆನಾನ್ ಎಂಬ ಅನಿಲದ 35 ಪರಮಾಣುಗಳನ್ನು ಒಂದೊಂದಾಗಿ ಸರಿಸಿ ಸಾಲಾಗಿ ಇಟ್ಟರು. ಮೂರು ಅಕ್ಷರ ಬರೆದರು. ಅದು ಅವರು ಕೆಲಸ ಮಾಡುತ್ತಿದ್ದ ಕಂಪನಿಯ ಹೆಸರು. ನಾವು ಸ್ಲೇಟಿನ ಮೇಲೆ ಬಳಪದಿಂದ ಬರೆದೆವು. ಅವರು ಪರಮಾಣುಗಳಿಂದ ಬರೆದರು.

ಅಲ್ಲಿ ಗಾಡಿ ಓಡಿಸುವುದು ಏಕೆ ಕಷ್ಟ?

ದೊಡ್ಡ ಗಾಡಿಯನ್ನು ಚಿಕ್ಕದು ಮಾಡಿದರೆ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಹಾಗಲ್ಲ. ಅಷ್ಟು ಚಿಕ್ಕ ಲೋಕದಲ್ಲಿ ಎರಡು ದೊಡ್ಡ ತೊಂದರೆ ಇವೆ.

ಮೊದಲನೆಯದು ಕುಣಿತ. ಅಣುಗಳು ಸುಮ್ಮನೆ ಇರುವುದಿಲ್ಲ. ಸದಾ ನಡುಗುತ್ತಾ ಕುಣಿಯುತ್ತಾ ಇರುತ್ತವೆ. ನಾವು ಬಿಸಿ ಎನ್ನುವುದು ಈ ಕುಣಿತವನ್ನೇ. ಬಿಸಿ ಹೆಚ್ಚಿದಷ್ಟೂ ಕುಣಿತ ಹೆಚ್ಚು. ಜೋರು ಸುಂಟರಗಾಳಿಯಲ್ಲಿ ತರಗೆಲೆಯನ್ನು ಒಂದು ಕಡೆ ನಡೆಸಲು ಆಗ್ತದಾ? ಅಣುವಿನ ಗಾಡಿಯ ಪಾಡೂ ಅದೇ.

ಎರಡನೆಯದು ಅಂಟು. ಅಣು ಲೋಹದ ಮೇಲೆ ಕೂತರೆ ಅಂಟಿಕೊಳ್ಳುತ್ತದೆ. ಜೇನುತುಪ್ಪದಲ್ಲಿ ಸಿಕ್ಕ ಇರುವೆಯಂತೆ ಆಗುತ್ತದೆ. ಅಂಟು ಹೆಚ್ಚಾದರೆ ಗಾಡಿ ಅಲ್ಲಾಡುವುದಿಲ್ಲ. ಅಂಟು ಕಡಿಮೆಯಾದರೆ ಎಲ್ಲೆಂದರಲ್ಲಿ ಜಾರುತ್ತದೆ.

ಕುಣಿತ ತಡೆಯಲು ಒಂದು ದಾರಿ ಉಂಟು. ತಣ್ಣಗೆ ಮಾಡುವುದು. ನೀರು ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆ ಆಗುತ್ತದೆ. ಇಲ್ಲಿ ಅದಕ್ಕಿಂತಲೂ 269 ಡಿಗ್ರಿ ಕೆಳಗೆ ಇಳಿಸುತ್ತಾರೆ. ಅದಕ್ಕೆ ದ್ರವರೂಪದ ಹೀಲಿಯಂ ಬೇಕು. ಪೆಟ್ಟಿಗೆಯೊಳಗಿನ ಗಾಳಿಯನ್ನೂ ಹೀರಿ ತೆಗೆಯುತ್ತಾರೆ. ಇಲ್ಲಾಂದ್ರೆ ಗಾಳಿಯ ಅಣುಗಳು ಬಂದು ದಾರಿಯ ಮೇಲೆ ಕೂತುಬಿಡುತ್ತವೆ.

ಲೋಹವೇ ಏಕೆ? ಸೂಜಿಯ ಯಂತ್ರಕ್ಕೆ ವಿದ್ಯುತ್ತು ಹರಿಯಬೇಕು. ಲೋಹದಲ್ಲಿ ಅದು ಚೆನ್ನಾಗಿ ಹರಿಯುತ್ತದೆ. ಬಂಗಾರ ತುಕ್ಕು ಹಿಡಿಯುವುದಿಲ್ಲ. ತೊಳೆದು ಹದ ಮಾಡಿದ ಬಂಗಾರದಲ್ಲಿ ಪರಮಾಣುಗಳು ನಾಟಿ ಮಾಡಿದ ಗದ್ದೆಯ ಪೈರಿನಂತೆ ಸಾಲಾಗಿ ನಿಂತಿರುತ್ತವೆ. ಆ ಸಾಲುಗಳೇ ಗಾಡಿಗೆ ಜಾಡು.

ಮೊದಲ ಗಾಡಿ

2005 ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಟೂರ್ ಮತ್ತು ಅವರ ಸಂಗಡಿಗರು ಒಂದು ಅಣುವನ್ನು ಗಾಡಿಯ ಆಕಾರದಲ್ಲಿ ಕಟ್ಟಿದರು. ಅದಕ್ಕೆ ನಾಲ್ಕು ಚಕ್ರ. ಒಂದೊಂದು ಚಕ್ರವೂ ಇಂಗಾಲದ 60 ಪರಮಾಣುಗಳ ಗುಂಡು ಚೆಂಡು. ಇಂಗಾಲ ನಮಗೆ ಹೊಸದಲ್ಲ. ಒಲೆಯ ಇದ್ದಿಲು, ದೀಪದ ಮಸಿ, ಎಲ್ಲ ಇಂಗಾಲವೇ.

ಗಾಡಿಯನ್ನು ಬಂಗಾರದ ಮೇಲೆ ಇಟ್ಟರು. ತಣ್ಣಗಿದ್ದಾಗ ಅದು ಕದಲಲಿಲ್ಲ. ಬಂಗಾರವನ್ನು ಸುಮಾರು 200 ಡಿಗ್ರಿವರೆಗೆ ಕಾಯಿಸಿದರು. ಆಗ ಗಾಡಿ ಹೊರಟಿತು.

ಆದರೆ ಅದು ಉರುಳಿತೋ, ಜಾರಿತೋ? ಇದನ್ನು ತಿಳಿಯಲು ಅವರು ಒಂದು ಉಪಾಯ ಮಾಡಿದರು. ಮೂರು ಚಕ್ರದ ಇನ್ನೊಂದು ಅಣು ಕಟ್ಟಿದರು. ಅದರ ಚಕ್ರಗಳು ಮೂರು ದಿಕ್ಕಿಗೆ ಮುಖ ಮಾಡಿದ್ದವು. ಜಾರುವುದಾಗಿದ್ದರೆ ಅದೂ ಎಲ್ಲ ಕಡೆ ಜಾರಬೇಕಿತ್ತು. ಜಾರಲಿಲ್ಲ. ನಿಂತಲ್ಲೇ ಗಿರಗಿರ ತಿರುಗಿತು. ನಾಲ್ಕು ಚಕ್ರದ್ದು ಮಾತ್ರ ಮುಂದಕ್ಕೋ ಹಿಂದಕ್ಕೋ ಸಾಗಿತು. ಹಾಗಾದರೆ ಚಕ್ರ ಉರುಳುತ್ತಿರುವುದು ನಿಜ ಎಂದು ಗೊತ್ತಾಯಿತು.

ನೋಡಿ, ಬರೀ ಹೇಳಿದರೆ ಸಾಲದು. ಹೀಗೆ ಪರೀಕ್ಷೆ ಮಾಡಿ ತೋರಿಸಬೇಕು. ವಿಜ್ಞಾನದ ಮುಖ್ಯ ಪಾಠ ಇದೇ.

ಆದರೂ ಒಂದು ಕೊರತೆ ಉಳಿಯಿತು. ಈ ಗಾಡಿಗೆ ಎಂಜಿನ್ ಇರಲಿಲ್ಲ. ಮುಂದೆ ಹೋಗು ಎಂದರೆ ಮುಂದೆ ಹೋಗುತ್ತಿರಲಿಲ್ಲ. ಬಿಸಿ ಕುಣಿಸಿದ ಹಾಗೆ ಕುಣಿಯುತ್ತಿತ್ತು.

ಒಂದೇ ಕಡೆಗೆ ತಿರುಗುವ ಚಕ್ರ

ಮಜ್ಜಿಗೆ ಕಡೆಯುವ ಕಡಗೋಲು ನೆನಪಿಸಿಕೊಳ್ಳಿ. ಹಗ್ಗ ಎಳೆದರೆ ಒಂದು ಸಲ ಎಡಕ್ಕೆ ತಿರುಗುತ್ತದೆ. ಮತ್ತೆ ಎಳೆದರೆ ಬಲಕ್ಕೆ ತಿರುಗುತ್ತದೆ. ಬೆಣ್ಣೆ ಬರಲು ಇಷ್ಟು ಸಾಕು. ಆದರೆ ಗಾಡಿ ಚಕ್ರ ಹೀಗೆ ತಿರುಗಿದರೆ ಊರು ಸೇರುವುದು ಯಾವಾಗ? ನಿಂತಲ್ಲೇ ನಿಂತಿರಬೇಕು. ಗಾಡಿಗೆ ಒಂದೇ ಕಡೆ ತಿರುಗುವ ಚಕ್ರ ಬೇಕು.

ಒಂದು ಆಟ ಇದೆ. ಗೋಧಿಯ ತೆನೆಯನ್ನು ಅಂಗಿಯ ತೋಳಿನೊಳಗೆ ತಲೆಕೆಳಗಾಗಿ ಇಡಿ. ತೆನೆಯ ಮುಳ್ಳುಗಳು ಕೆಳಗೆ ಮುಖ ಮಾಡಿರಲಿ. ಕೈ ಬೀಸುತ್ತಾ ನಡೆಯಿರಿ. ಕೈ ಹಿಂದೆ ಮುಂದೆ ಎರಡೂ ಕಡೆ ಆಡುತ್ತದೆ. ಆದರೆ ತೆನೆ ಮಾತ್ರ ಮೇಲಕ್ಕೇ ಏರುತ್ತದೆ. ಯಾಕೆ? ಮುಳ್ಳುಗಳು ಅದನ್ನು ಕೆಳಗೆ ಜಾರಲು ಬಿಡುವುದಿಲ್ಲ. ಅಲುಗಾಟ ಎರಡು ಕಡೆ, ನಡಿಗೆ ಒಂದೇ ಕಡೆ!

ಆದರೆ ಒಂದು ಮಾತು ಮರೆಯಬೇಡಿ. ಕೈ ಬೀಸಲು ನಿಮ್ಮ ಶಕ್ತಿ ಖರ್ಚಾಯಿತು. ಶಕ್ತಿ ಕೊಡದೆ ಬರೀ ಮುಳ್ಳಿನಿಂದ ತೆನೆ ಏರುವುದಿಲ್ಲ. ಅಣುವಿಗೂ ಹಾಗೆಯೇ. ಎರಡೂ ಬೇಕು. ಹಿಂದೆ ಹೋಗದಂತೆ ತಡೆ ಬೇಕು. ಹೊರಗಿನಿಂದ ಶಕ್ತಿಯೂ ಬೇಕು.

ಇಂಥ ತಡೆ ಇರುವ ಅಣುವನ್ನು 1999 ರಲ್ಲಿ ಬೆನ್ ಫೆರಿಂಗ ಎಂಬುವರು ಮತ್ತು ಅವರ ಸಂಗಡಿಗರು ಮಾಡಿದರು. ಫೆರಿಂಗ ಅವರು ನೆದರ್‌ಲೆಂಡ್ಸ್ ದೇಶದವರು. ರೈತರ ಮನೆಯಲ್ಲಿ ಹುಟ್ಟಿದವರು. ಹತ್ತು ಮಕ್ಕಳಲ್ಲಿ ಎರಡನೆಯವರು. ಕ್ರೋನಿಂಗನ್ ಊರಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದರು.

ಅವರ ಅಣುವಿಗೆ ಎರಡು ರೆಕ್ಕೆ ಇವೆ. ಬೆಳಕು ಬಿದ್ದರೆ ಒಂದು ರೆಕ್ಕೆ ಅರ್ಧ ಸುತ್ತು ತಿರುಗುತ್ತದೆ. ಆಮೇಲೆ ಸ್ವಲ್ಪ ಬಿಸಿಗೆ ಆ ರೆಕ್ಕೆ ಇನ್ನೊಂದರ ಬದಿಯಿಂದ ನುಸುಳಿ ಆಚೆ ಕೂರುತ್ತದೆ. ಹಾಗೆ ನುಸುಳಿದ ಮೇಲೆ ಹಿಂದಕ್ಕೆ ಬರಲು ಆಗದು. ಮತ್ತೆ ಬೆಳಕು, ಮತ್ತೆ ಬಿಸಿ. ಒಟ್ಟು ನಾಲ್ಕು ಹೆಜ್ಜೆಗೆ ಒಂದು ಸುತ್ತು ಪೂರ್ತಿ.

2016 ರಲ್ಲಿ ಇವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಬಂತು. ಫ್ರಾನ್ಸಿನ ಜೀನ್ ಪಿಯರ್ ಸೋವಾಜ್ ಮತ್ತು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಫ್ರೇಸರ್ ಸ್ಟಾಡರ್ಟ್ ಅವರೂ ಬಹುಮಾನ ಹಂಚಿಕೊಂಡರು. ಸೋವಾಜ್ ಅವರು 1983 ರಲ್ಲಿ ಎರಡು ಅಣುಗಳನ್ನು ಸರಪಳಿಯ ಕೊಂಡಿಯಂತೆ ಒಂದರೊಳಗೊಂದು ಸೇರಿಸಿದ್ದರು. ಸ್ಟಾಡರ್ಟ್ ಅವರು 1991 ರಲ್ಲಿ ಒಂದು ಅಣುವಿನ ಕಡ್ಡಿಗೆ ಇನ್ನೊಂದು ಅಣುವಿನ ಉಂಗುರ ತೊಡಿಸಿದ್ದರು. ಉಂಗುರ ಕಡ್ಡಿಯ ಮೇಲೆ ಅತ್ತಿತ್ತ ಸರಿಯುತ್ತಿತ್ತು.

ಎಂಜಿನ್ ಇರುವ ಗಾಡಿ

2011 ರಲ್ಲಿ ಫೆರಿಂಗ ಅವರ ತಂಡ ಮತ್ತು ಸ್ವಿಟ್ಜರ್ಲೆಂಡಿನ ಸಂಗಡಿಗರು ಹೊಸ ಗಾಡಿ ಕಟ್ಟಿದರು. ಇದರ ನಾಲ್ಕು ಚಕ್ರಗಳೂ ತಿರುಗುವ ಎಂಜಿನ್ನುಗಳೇ. ಗಾಡಿಯನ್ನು ತಾಮ್ರದ ಮೇಲೆ ಇಟ್ಟರು. ಸೂಜಿಯನ್ನು ಗಾಡಿಯ ಮೇಲೆ ತಂದು ವಿದ್ಯುತ್ತು ಕೊಟ್ಟರು. ಅರ್ಧ ವೋಲ್ಟಿಗಿಂತ ಸ್ವಲ್ಪ ಹೆಚ್ಚು ಸಾಕಾಯಿತು. ನಮ್ಮ ಟಾರ್ಚಿನ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ.

ಹತ್ತು ಸಲ ವಿದ್ಯುತ್ತು ಕೊಟ್ಟರು. ಗಾಡಿ ಆರು ನ್ಯಾನೋಮೀಟರ್ ಮುಂದೆ ಹೋಯಿತು.

ಇಲ್ಲೂ ಪರೀಕ್ಷೆ ಮಾಡಿದರು. ಗಾಡಿಯ ಎಡ ಬಲ ಚಕ್ರಗಳು ಎರಡೂ ಮುಂದಕ್ಕೇ ತಿರುಗಬೇಕು. ಹಾಗೆ ಜೋಡಿಸಿದ ಗಾಡಿ ಹೆಚ್ಚುಕಡಿಮೆ ನೇರ ಹೋಯಿತು. ಚಕ್ರಗಳು ಒಂದಕ್ಕೊಂದು ಎದುರು ತಿರುಗುವಂತೆ ಜೋಡಿಸಿದ ಗಾಡಿ ಹಾಗೆ ಹೋಗಲಿಲ್ಲ. ಒಂದು ಎತ್ತು ಮುಂದಕ್ಕೆ, ಒಂದು ಎತ್ತು ಹಿಂದಕ್ಕೆ ಎಳೆದರೆ ಗಾಡಿ ಏನಾಗುತ್ತದೆ? ಅದೇ ಆಯಿತು. ಇಟ್ಟಾಗ ಮಗುಚಿ ಬಿದ್ದ ಗಾಡಿಯೂ ಮುಂದೆ ಸಾಗಲಿಲ್ಲ.

ಈ ಕೆಲಸದ ವರದಿಗೆ ಎಂಟು ಜನ ಹೆಸರು ಹಾಕಿದ್ದರು. ಅವರಲ್ಲಿ ನಥಾಲಿ ಕ್ಯಾಟ್ಸೋನಿಸ್ ಮತ್ತು ಬಿಯಾಟ್ರಿಸ್ ಮಾಸಿಯಾ ಎಂಬ ಹೆಣ್ಣುಮಕ್ಕಳೂ ಇದ್ದರು.

ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ

ಮುಂದೆ ಹೋಗುವುದು ಒಂದು ಹಂತ. ಹೇಳಿದ ಕಡೆ ತಿರುಗುವುದು ಇನ್ನೊಂದು ಹಂತ. 2013 ರಲ್ಲಿ ಅಮೆರಿಕದ ಒಹಾಯೋ ಮತ್ತು ಫ್ರಾನ್ಸಿನ ತುಲೂಸ್ ಊರಿನ ವಿಜ್ಞಾನಿಗಳು ಸೇರಿ ಇದನ್ನು ಮಾಡಿದರು. ಅವರ ಅಣುವಿನ ಕೆಳಗೆ ಮೂರು ಕಾಲಿನ ಪೀಠ ಇದೆ. ಅದು ಬಂಗಾರವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಡುವೆ ಒಂದು ಲೋಹದ ಪರಮಾಣು. ಅದೇ ಗೂಟ. ಮೇಲೆ ಐದು ತೋಳಿನ ಚಕ್ರ. ಬೀಸುವ ಕಲ್ಲಿನಲ್ಲೂ ಹೀಗೇ ಅಲ್ವಾ? ಕೆಳಗಿನ ಕಲ್ಲು ಕದಲದು. ನಡುವೆ ಗೂಟ. ಮೇಲಿನ ಕಲ್ಲು ತಿರುಗುತ್ತದೆ.

ಐದು ತೋಳುಗಳಲ್ಲಿ ನಾಲ್ಕು ಉದ್ದ. ಒಂದು ಗಿಡ್ಡ. ಸೂಜಿಯಿಂದ ಯಾವ ತೋಳಿಗೆ ವಿದ್ಯುತ್ತು ಕೊಡುತ್ತೇವೆ ಎಂಬುದೇ ಮುಖ್ಯ. ಉದ್ದ ತೋಳಿಗೆ ಕೊಟ್ಟರೆ ಚಕ್ರ ಒಂದು ಕಡೆ ತಿರುಗಿತು. ಗಿಡ್ಡ ತೋಳಿಗೆ ಕೊಟ್ಟರೆ ಅದರ ಎದುರು ಕಡೆ ತಿರುಗಿತು. ಒಂದೇ ಅಣು ಮನುಷ್ಯರ ಮಾತು ಕೇಳಿತು.

ಅಣು ಗಾಡಿಗಳ ಪಂದ್ಯ

2017 ರ ಏಪ್ರಿಲ್ ತಿಂಗಳಲ್ಲಿ ತುಲೂಸ್ ಊರಿನಲ್ಲಿ ಈ ಗಾಡಿಗಳ ಪಂದ್ಯ ನಡೆಯಿತು. ಆರು ತಂಡಗಳು ಬಂದವು. ಜಪಾನಿನ ತಂಡಕ್ಕೆ ವಾಕಾ ನಕಾನಿಶಿ ಮುಂದಾಳು. ಜರ್ಮನಿಯ ತಂಡಕ್ಕೆ ಫ್ರಾನ್ಸೆಸ್ಕಾ ಮೊರೆಸ್ಕೊ ಮುಂದಾಳು. ಇಬ್ಬರೂ ಹೆಣ್ಣುಮಕ್ಕಳು.

ದಾರಿ ಸುಮಾರು 100 ನ್ಯಾನೋಮೀಟರ್. ದಾರಿಯಲ್ಲಿ ತಿರುವುಗಳೂ ಇದ್ದವು. ನಿಯಮ ಕಟ್ಟುನಿಟ್ಟು. ಸೂಜಿಯಿಂದ ಗಾಡಿಯನ್ನು ನೂಕಬಾರದು. ವಿದ್ಯುತ್ತು ಕೊಟ್ಟು ಮಾತ್ರ ಓಡಿಸಬೇಕು.

ಸ್ವಿಟ್ಜರ್ಲೆಂಡಿನ ಬಾಸೆಲ್ ತಂಡದ ಗಾಡಿ ಬಂಗಾರದ ಮೇಲೆ 133 ನ್ಯಾನೋಮೀಟರ್ ಓಡಿತು. ಅಮೆರಿಕ ಮತ್ತು ಆಸ್ಟ್ರಿಯಾ ದೇಶದವರು ಸೇರಿದ ತಂಡ ಬೆಳ್ಳಿಯ ಮೇಲೆ ಓಡಿಸಿತು. ಅವರ ಗಾಡಿ ಸುಮಾರು ಒಂದೂವರೆ ಗಂಟೆಯಲ್ಲಿ 150 ನ್ಯಾನೋಮೀಟರ್ ಹೋಯಿತು. ಎರಡೂ ತಂಡಗಳಿಗೆ ಮೊದಲ ಸ್ಥಾನ ಕೊಟ್ಟರು.

ಇದು ಎಷ್ಟು ದೂರ? 133 ನ್ಯಾನೋಮೀಟರಿನ ಹಾದಿಯನ್ನು ಸುಮಾರು 600 ಸಲ ಓಡಿದರೆ ಒಂದು ಕೂದಲಿನ ದಪ್ಪ ದಾಟಿದಂತೆ! 2022 ರಲ್ಲಿ ಎರಡನೇ ಪಂದ್ಯ ನಡೆಯಿತು. ಆಗ ಎಂಟು ತಂಡಗಳಿದ್ದವು. ಜಪಾನ್ ಮತ್ತು ಸ್ಪೇನ್ ತಂಡಗಳು ಮೊದಲ ಸ್ಥಾನ ಹಂಚಿಕೊಂಡವು.

ನಮ್ಮ ಮೈಯೊಳಗಿನ ಯಂತ್ರ

ಮನುಷ್ಯರು ಇಷ್ಟು ಕಷ್ಟಪಟ್ಟು ಕಲಿಯುತ್ತಿರುವ ಕೆಲಸವನ್ನು ನಮ್ಮ ಮೈ ಯಾವಾಗಲೋ ಕಲಿತಿದೆ. ಈಗ ನೀವು ಪುಸ್ತಕ ಹಿಡಿದಿದ್ದೀರಿ. ನಿಮ್ಮ ಕೈಯ ಸ್ನಾಯು ಬಿಗಿಯಾಗಿದೆ. ಅದನ್ನು ಬಿಗಿ ಮಾಡುವುದು ಮಯೋಸಿನ್ ಎಂಬ ಅಣುಗಳು. ಹಗ್ಗ ಜಗ್ಗುವವರಂತೆ ಅವು ಜಗ್ಗುತ್ತವೆ.

ಕೈನೆಸಿನ್ ಎಂಬ ಇನ್ನೊಂದು ಅಣು ಇದೆ. ಅದು ಎರಡು ಕಾಲಿನ ಮೇಲೆ ಹೆಜ್ಜೆ ಹಾಕುತ್ತದೆ. ಒಂದೊಂದು ಹೆಜ್ಜೆ 8 ನ್ಯಾನೋಮೀಟರ್. ಹೊರೆ ಹೊತ್ತ ಆಳಿನಂತೆ ಜೀವಕೋಶದೊಳಗೆ ಸಾಮಾನು ಸಾಗಿಸುತ್ತದೆ.

ಇವಕ್ಕೆ ಶಕ್ತಿ ಎಲ್ಲಿಂದ? ನಾವು ಉಣ್ಣುವ ಅನ್ನ, ಮುದ್ದೆ, ರೊಟ್ಟಿಯಿಂದ. ಇವು ಬಿಸಿಯಲ್ಲೂ ನೀರಿನಲ್ಲೂ ಕೆಲಸ ಮಾಡುತ್ತವೆ. 269 ಡಿಗ್ರಿ ಚಳಿ ಬೇಡ. ಬಂಗಾರದ ದಾರಿಯೂ ಬೇಡ. ಅದಕ್ಕೇ ವಿಜ್ಞಾನಿಗಳು ಮೈಯೊಳಗಿನ ಈ ಯಂತ್ರಗಳನ್ನು ನೋಡಿಯೂ ಕಲಿಯುತ್ತಿದ್ದಾರೆ.

ಇದರಿಂದ ನಮಗೇನು?

ಈ ಪ್ರಶ್ನೆ ಕೇಳುವುದು ತಪ್ಪಲ್ಲ. ಕೇಳಲೇಬೇಕು.

ಉಳ್ಳದ್ದನ್ನು ಉಳ್ಳ ಹಾಗೆ ಹೇಳೋಣ. ಇವತ್ತು ಅಣು ಗಾಡಿಯಿಂದ ಮಾಡಿದ ಸಾಮಾನು ಯಾವ ಅಂಗಡಿಯಲ್ಲೂ ಇಲ್ಲ. ರೋಗ ಇರುವ ಕಡೆಗೆ ಮೈಯೊಳಗೆ ಓಡುವ ಅಣು ಗಾಡಿಯ ಮಾತ್ರೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಲೋಹದ ಮೇಲೆ, ಗಾಳಿ ಇಲ್ಲದ ಪೆಟ್ಟಿಗೆಯಲ್ಲಿ, ಕೊರೆಯುವ ಚಳಿಯಲ್ಲಿ ಮಾಡಿದ ಕೆಲಸ ಇದು. ನಮ್ಮ ಮೈ ಬೆಚ್ಚಗಿದೆ. ಒಳಗೆಲ್ಲ ನೀರಿದೆ. ಇಲ್ಲಿಂದ ಅಲ್ಲಿಗೆ ದಾರಿ ದೂರ.

ಹಾಗಾದರೆ ಇದೆಲ್ಲ ಏಕೆ? ಒಂದು ಅಣುವನ್ನು ಹಿಡಿದು, ಹೇಳಿದಂತೆ ನಡೆಸಲು ಬಂದರೆ ಮುಂದೆ ಬಹಳ ಕೆಲಸ ಮಾಡಬಹುದು ಎಂಬ ಆಸೆ ಇದೆ. ಅತಿ ಚಿಕ್ಕ ಕಂಪ್ಯೂಟರ್ ಭಾಗ ಮಾಡಬಹುದು. ಉಜ್ಜಾಟದಿಂದ ಯಂತ್ರಗಳು ಏಕೆ ಸವೆಯುತ್ತವೆ ಎಂಬುದನ್ನು ಬುಡದಿಂದ ತಿಳಿಯಬಹುದು. ಮುಂದೊಂದು ದಿನ ಔಷಧಕ್ಕೂ ಉಪಯೋಗ ಆಗಬಹುದು. ಆಗಬಹುದು ಎನ್ನುವುದು ಬೇರೆ. ಆಗಿದೆ ಎನ್ನುವುದು ಬೇರೆ. ಈ ಎರಡು ಮಾತಿನ ವ್ಯತ್ಯಾಸ ಗೊತ್ತಿದ್ದರೆ ನಮಗೆ ಯಾರೂ ಟೋಪಿ ಹಾಕಲಾರರು.

ಸಂತೆಯಲ್ಲೋ ಮನೆ ಬಾಗಿಲಲ್ಲೋ ಯಾರಾದರೂ ಬಂದು, "ಅಮ್ಮಾ, ಇದು ನ್ಯಾನೋ ಔಷಧಿ, ಎಲ್ಲ ರೋಗಕ್ಕೂ ಒಂದೇ" ಎನ್ನಬಹುದು. ಹೊಸ ಪದ ಕೇಳಿ ಬೆದರಬೇಡಿ. ನ್ಯಾನೋ ಅಂದರೆ ಬರೀ ಒಂದು ಅಳತೆ. ಅದು ರೋಗ ವಾಸಿ ಮಾಡುವ ಮಂತ್ರ ಅಲ್ಲ. ಚೀಟಿ ಓದಿ. ಒಳಗೆ ಏನಿದೆ ಎಂದು ಕೇಳಿ. ಪರೀಕ್ಷೆ ಮಾಡಿದವರು ಯಾರು ಎಂದು ಕೇಳಿ. ಆರೋಗ್ಯ ಕೇಂದ್ರದ ಡಾಕ್ಟರನ್ನೋ ನರ್ಸಮ್ಮನನ್ನೋ ವಿಚಾರಿಸಿ. ಆಮೇಲೆ ದುಡ್ಡು ಬಿಚ್ಚಿ.

ಇನ್ನೊಂದು ಮಾತು. ಮೂರು ಚಕ್ರದ ಅಣು ನಿಂತಲ್ಲೇ ತಿರುಗಿದ್ದು ನೆನಪಿದೆಯಲ್ಲ? "ಹೌದೇ? ಹೇಗೆ ಗೊತ್ತು?" ಎಂದು ಕೇಳಿದ್ದರಿಂದ ಆ ಪರೀಕ್ಷೆ ನಡೆಯಿತು. ಹೀಗೆ ಕೇಳಲು ದೊಡ್ಡ ಪ್ರಯೋಗಶಾಲೆ ಬೇಡ. ಒಲೆಯ ಮುಂದೆ, ಹೊಲದಲ್ಲಿ, ಸಂಘದ ಸಭೆಯಲ್ಲಿ, ರೇಷನ್ ಅಂಗಡಿಯಲ್ಲಿ, ಎಲ್ಲಿ ಬೇಕಾದರೂ ಕೇಳಬಹುದು. ನಾವೂ ಕೇಳೋಣ. ನಮ್ಮ ಹೆಣ್ಣುಮಕ್ಕಳಿಗೂ ಕೇಳಲು ಕಲಿಸೋಣ.

ಹೊಸ ಪದಗಳು. ಎರಡು ಸಲ ಓದಿ, ಒಂದು ಸಲ ಬರೆಯಿರಿ.

ಅಣು: ಒಂದು ವಸ್ತುವಿನ ಗುಣ ಉಳಿದಿರುವ ಅತಿ ಚಿಕ್ಕ ಚೂರು
ಪರಮಾಣು: ಅಣುವನ್ನು ಬಿಡಿಸಿದಾಗ ಸಿಗುವುದು
ನ್ಯಾನೋಮೀಟರ್: ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು
ಇಂಗಾಲ: ಇದ್ದಿಲಿನಲ್ಲಿ ಇರುವ ವಸ್ತು
ಪ್ರಯೋಗ: ನಿಜವೋ ಸುಳ್ಳೋ ಎಂದು ಮಾಡಿ ನೋಡುವುದು

ಉತ್ತರ ಹೇಳಿ.

1. ನೀರಿನ ಒಂದು ಅಣುವಿನಲ್ಲಿ ಎಷ್ಟು ಪರಮಾಣು ಇವೆ?
2. ಸೂಜಿಯ ಯಂತ್ರ ಲೋಹವನ್ನು ಮುಟ್ಟುತ್ತದೆಯೇ?
3. ಕಡಗೋಲಿನಂತೆ ತಿರುಗುವ ಚಕ್ರ ಗಾಡಿಗೆ ಏಕೆ ಸಾಲದು?
4. ಗೋಧಿ ತೆನೆ ತೋಳಿನಲ್ಲಿ ಮೇಲಕ್ಕೇ ಏರುವುದು ಏಕೆ?
5. ಹತ್ತು ಸಲ ವಿದ್ಯುತ್ತು ಕೊಟ್ಟಾಗ ಗಾಡಿ ಆರು ನ್ಯಾನೋಮೀಟರ್ ಹೋಯಿತು. ಅದೇ ಲೆಕ್ಕದಲ್ಲಿ ಇಪ್ಪತ್ತು ಸಲ ಕೊಟ್ಟರೆ ಎಷ್ಟು ಹೋಗಬಹುದು?

ಮಾಡಿ ನೋಡಿ.

ಒಂದು ಲೋಟದಲ್ಲಿ ತಣ್ಣೀರು, ಇನ್ನೊಂದರಲ್ಲಿ ಬಿಸಿನೀರು ಇಡಿ. ಎರಡಕ್ಕೂ ಒಂದೊಂದು ಚಿಟಿಕೆ ಅರಿಶಿನದ ನೀರನ್ನು ಮೆಲ್ಲಗೆ ಬಿಡಿ. ಕದಡಬೇಡಿ. ಬಣ್ಣ ಯಾವುದರಲ್ಲಿ ಬೇಗ ಹರಡುತ್ತದೆ? ಯಾಕೆ? ಪಕ್ಕದವರ ಜೊತೆ ಮಾತಾಡಿ.